ಲಕ್ಕಮ್ಮನ ಅಳತೆ

ಪುಣೆಯ ವಿಮಾನ ನಗರದ ಐಟಿ ಕಚೇರಿಗಳಲ್ಲಿ ವಿಜಯಪುರ, ಬೀದರ್, ಹುಬ್ಬಳ್ಳಿ ಕಡೆಯ ಹುಡುಗರಿಗೇನೂ ಬರವಿಲ್ಲ. ಕಾಯಕ ಎಂಬ ಮಾತು ಕೇಳುತ್ತಲೇ ಬೆಳೆದವರು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಕಟ್ಟಿದ ಎನ್. ಆರ್. ನಾರಾಯಣಮೂರ್ತಿ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತೆತ್ತಿ, ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದ್ದು ದೇಶವೆಲ್ಲ ಹರಿದಾಡಿತು. ಇಂಥ ಮಾತಿಗೆ ನಮ್ಮಲ್ಲಿ ಥಟ್ಟನೆ ಸಿಗುವ ಆಸರೆ ಕಾಯಕ ತತ್ವ. ಆ ತತ್ವ ಇವರ ಕಡೆಗೆ ಸಾಕ್ಷಿ ನುಡಿಯುತ್ತದೆಯೆ?

ಆಯ್ದಕ್ಕಿ ಮಾರಯ್ಯನ ಕತೆ ನೋಡಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮೆಚ್ಚಲಿಲ್ಲ, ಹೆಚ್ಚಿನದನ್ನು ಹೋಗಿ ಅಲ್ಲೇ ಸುರಿದು ಬಾ ಎಂದಳು. ಎಷ್ಟು ಸಾಕು ಎಂಬುದು ಅಕ್ಕಿ ಚೆಲ್ಲಿದ ದೊಡ್ಡಮನೆಗೆ ತಿಳಿದಿರಲಿಲ್ಲ. ಆಯ್ದು ತಂದವನೂ ಆ ದಿನ ಮರೆತಿದ್ದ. ಒಲೆಯ ಮುಂದಿದ್ದವಳಿಗೆ ಗೊತ್ತಿತ್ತು. ಕಾಯಕದ ಅಳತೆಗೋಲು ಇರುವುದು ಮನೆಯಲ್ಲಿ ಎಂಬುದೇ ನನ್ನ ವಾದ. ಹೆಂಡತಿಯ ಮುಖ ನೋಡುವುದು ಹೊತ್ತು ಕಳೆಯುವ ಕೆಲಸ ಎನ್ನುವವರು ಆ ಅಳತೆಗೋಲನ್ನೇ ಕಿತ್ತು ಬಿಸಾಡುತ್ತಾರೆ.

ಮೂರ್ತಿಯವರು ಸ್ವತಃ ಹಾಗೆ ದುಡಿದವರಲ್ಲವೆ ಎನ್ನಬಹುದು. ನಿಜ. 1981ರಲ್ಲಿ, ಇದೇ ಪುಣೆಯಲ್ಲಿ, ಹೆಂಡತಿ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾಯಿತು. (ಆ ಕಂಪನಿಯ ಮೂಲಧನವೂ ಮನೆಯಿಂದಲೇ ಬಂತು ಎನ್ನುವುದನ್ನು ಮರೆಯಬಾರದು.) ಆದರೆ ಕಟ್ಟಿದವನ ಹೆಚ್ಚಿನ ಗಂಟೆ ಅವನ ಪಾಲಾಗಿ ಬೆಳೆಯುತ್ತದೆ, ಸಂಬಳದವನದು ಬೆಳೆಯುವುದಿಲ್ಲ. ಇನ್ಫೋಸಿಸ್ ತೊಂಬತ್ತರ ದಶಕದಲ್ಲಿ ನೌಕರರಿಗೂ ಷೇರು ಹಂಚಿದ್ದು ದಾಸೋಹಕ್ಕೆ ಹತ್ತಿರದ ಕೆಲಸ. ಅದನ್ನು ಯಾರೂ ಭಾಷಣದಲ್ಲಿ ಎತ್ತುವುದಿಲ್ಲ, ಗಂಟೆಯ ಲೆಕ್ಕವನ್ನಷ್ಟೇ ಎತ್ತುತ್ತಾರೆ.

ಇನ್ನೊಂದು ಆಕ್ಷೇಪ ಗಟ್ಟಿಯದು. ಮಾರಯ್ಯನಿಗೆ ಯಾರೂ ಅಪ್ಪಣೆ ಮಾಡಿರಲಿಲ್ಲ, ತಾನಾಗಿ ಹೆಚ್ಚು ತಂದ. ಹಾಗೆಯೇ ರಾತ್ರಿ ಹತ್ತಕ್ಕೂ ಲ್ಯಾಪ್‌ಟಾಪ್ ಮುಚ್ಚದವನನ್ನು ಯಾರು ಹಿಡಿದು ಕೂರಿಸಿದ್ದಾರೆ? ಆಸೆಯೂ ಇದ್ದೀತು, ಒಪ್ಪೋಣ. ಆದರೆ ಮಾರಯ್ಯ ತಿರುಗಿ ಹೋಗಿ ಸುರಿದು ಬರಬಲ್ಲವನಾಗಿದ್ದ. ಅಪ್ರೈಸಲ್ಲಿಗೆ, ಗೃಹಸಾಲದ ಕಂತಿಗೆ ಹೆದರಿದವನು ಏಳಲಾರ, ಚಾಟ್ ಕಿಟಕಿಯಲ್ಲಿ ತನ್ನ ಹೆಸರಿನ ಪಕ್ಕದ ಹಸಿರು ಚುಕ್ಕೆ ಆರದಂತೆ ಆಗಾಗ ಮೌಸ್ ಅಲ್ಲಾಡಿಸುತ್ತಾನೆ. ಮೇಲಿನವರಿಗೆ ಕಾಣುವುದು ಆ ಚುಕ್ಕೆ ಮಾತ್ರ. ಭಯವನ್ನು ಭಕ್ತಿ ಎಂದು ಓದಿಕೊಳ್ಳುವುದು ಅಲ್ಲಿಂದಲೇ ಶುರು.

ಲಕ್ಷ ಜನರ ಕಂಪನಿಯಲ್ಲಿ ಒಬ್ಬೊಬ್ಬರ ಮನೆ ನೋಡಲಾದೀತೆ ಎಂದರೆ, ಆಗದು. ಅನುಭವ ಮಂಟಪದಲ್ಲಿ ಬಿಜ್ಜಳನ ಭಂಡಾರಿ ಬಸವಣ್ಣನೂ ಅಕ್ಕಿ ಆಯುವವನೂ ಎದುರುಬದುರು ಕೂರಬಹುದಿತ್ತು, ಇಲ್ಲಿ ನಡುವೆ ಹತ್ತು ಮೆಟ್ಟಿಲು. ಅದಕ್ಕೇ ಮನೆಯ ಅಳತೆಯನ್ನು ಕಾನೂನಾಗಿ ಬರೆದಿಡಬೇಕಾಯಿತು: ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2024ರ ಜುಲೈಯಲ್ಲಿ ಪುಣೆಯ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ನಾಲ್ಕು ತಿಂಗಳು ದುಡಿದಿದ್ದ 26 ವರ್ಷದ ಹುಡುಗಿ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣ, ಅಂತ್ಯಕ್ರಿಯೆಗೂ ಕಚೇರಿಯಿಂದ ಒಬ್ಬರೂ ಬರಲಿಲ್ಲ ಎಂದು ತಾಯಿ ಸಂಸ್ಥೆಯ ಅಧ್ಯಕ್ಷರಿಗೆ ಪತ್ರ ಬರೆದರು. ಹೊರೆಯ ಮಾತನ್ನು ಸಂಸ್ಥೆ ಒಪ್ಪಲಿಲ್ಲ, ಅಂತ್ಯಕ್ರಿಯೆಯ ವಿಷಯದಲ್ಲಿ ಅಧ್ಯಕ್ಷರು ವಿಷಾದ ಸೂಚಿಸಿದರು. ಆಮೇಲೆ ತಪಾಸಣೆಗೆ ಹೋದ ಕಾರ್ಮಿಕ ಇಲಾಖೆಗೆ ಗೊತ್ತಾದದ್ದು, ಆ ಕಚೇರಿ 2007ರಿಂದ ಇದೇ ಕಾಯ್ದೆಯ ನೋಂದಣಿಯಿಲ್ಲದೆ ನಡೆದಿತ್ತು ಎಂಬುದು.