ಮರೆತವರೊಡನೆ ಮಾತು

ಸತ್ಯವನ್ನು ನುಡಿಯುವುದು ಧರ್ಮ; ಪರರನ್ನು ನೋಯಿಸದಿರುವುದೂ ಧರ್ಮ. ಇವೆರಡೂ ಒಂದೇ ಮನೆಯಲ್ಲಿ ಎದುರುಬದುರಾಗಿ ನಿಂತಾಗ ಗೃಹಸ್ಥನು ಯಾವುದನ್ನು ಹಿಡಿಯಬೇಕು?

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಳಿಯ ಅರೆಕೆರೆಯು ಹಿಂದೆ ಹಳ್ಳಿ. ಇಂದು ನಗರದ ಭಾಗ. ಅಲ್ಲಿಯ ಮನೆಯೊಂದರಲ್ಲಿ ಮರೆವಿನ ರೋಗಕ್ಕೆ ತುತ್ತಾದ ವೃದ್ಧಮಾತೆಯಿರುವಳೆಂದು ಭಾವಿಸೋಣ. ಹೊರಗಿನ ಬೀದಿ ಆಕೆಗೆ ಗುರುತಿಲ್ಲ. ಮನಸ್ಸಿನಲ್ಲಿರುವುದು ಹಳೆಯ ಹಳ್ಳಿಯೇ. ಸಂಜೆಯಾಗುತ್ತಲೇ "ಯಜಮಾನರು ಹೊಲದಿಂದ ಇನ್ನೂ ಬರಲಿಲ್ಲವೇ?" ಎನ್ನುವಳು. ಅವರು ಲಿಂಗೈಕ್ಯರಾಗಿ ಹತ್ತು ವರ್ಷಗಳಾಗಿವೆ. ಮಗನು ಹಾಗೆಂದೇ ಹೇಳಿದರೆ ಆಕೆಗೆ ಅದು ಅಂದು ಬಂದ ವಾರ್ತೆ, ಅತ್ತು ಕಂಗೆಡುವಳು. ಮರುದಿನ ಅದೇ ಪ್ರಶ್ನೆ, ಅದೇ ಮರಣ. ಕೇಳಿದ ಮಾತು ಅಳಿದರೂ ಆದ ನೋವು ಉಳಿಯುವುದು.

ಇದು ಹಟವಲ್ಲ, ಅರಳುಮರಳೆಂದು ನಗತಕ್ಕದ್ದೂ ಅಲ್ಲ. ಜರ್ಮನಿಯ ವೈದ್ಯ ಆಲ್ಜೈಮರನು ಈ ವ್ಯಾಧಿಯ ಒಂದು ಬಗೆಯನ್ನು 1906ರಲ್ಲಿ ವಿವರಿಸಿ, ಮೃತಳಾದ ರೋಗಿಯ ಮಿದುಳಿನಲ್ಲಿಯೇ ವಿಕಾರವನ್ನು ತೋರಿಸಿದನು. ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುವುದು. ಹಳೆಯದು ಬಹುಕಾಲ ನಿಲ್ಲುವುದು. ಥೈರಾಯ್ಡ್ ದೋಷ, ಬಿ-12 ಜೀವಸತ್ತ್ವದ ಕೊರತೆಗಳಿಂದಾದ ಮರೆವಿಗೆ ಚಿಕಿತ್ಸೆಯುಂಟು. ಆದಕಾರಣ ನಿಮ್ಹಾನ್ಸ್‌ನಂತಹ ಸಂಸ್ಥೆಯಲ್ಲಿ ಮೊದಲು ಪರೀಕ್ಷೆ ಮಾಡಿಸುವುದು ಯುಕ್ತ.

ಹಾಗಾದರೆ "ನಾಳೆ ಬರುವರು" ಎಂದು ಸುಳ್ಳಾಡಬೇಕೇ? ಬೇಕಿಲ್ಲ. ಆಕೆ ಕೇಳುತ್ತಿರುವುದು ಸಮಾಚಾರವನ್ನಲ್ಲ, ಆಸರೆಯನ್ನು. "ಅಪ್ಪಾಜಿ ನೆನಪಾದರೇ ಅಮ್ಮ? ಅವರು ಬೆಳೆಯುತ್ತಿದ್ದ ರಾಗಿ ಎಷ್ಟು ಚೆನ್ನಾಗಿತ್ತು!" ಎಂದರೆ ಅದರಲ್ಲಿ ಅಸತ್ಯದ ಲೇಶವೂ ಇಲ್ಲ. ತಿಳಿವಿನ ಗಳಿಗೆಯಲ್ಲಿ ಆಕೆಯೇ "ಅವರು ಹೋದರಲ್ಲವೇ?" ಎಂದು ಕೇಳಿದರೆ, ಕೈಹಿಡಿದು ಹೌದೆನ್ನಬೇಕು, ಎದ್ದುಹೋಗದೆ ಬಳಿ ಕೂರಬೇಕು. ಸತ್ಯವು ಕೈಬಿಡಲಾಗದ್ದು, ಆದರೆ ಅದು ಹೊಡೆಯುವ ಕೋಲಲ್ಲ.

ಎದುರಿಗೆ ಕುಳಿತು, ಚಿಕ್ಕ ಮಾತಿನಲ್ಲಿ, ಒಂದು ಸಲಕ್ಕೆ ಒಂದೇ ವಿಷಯವನ್ನು ಹೇಳಿ ಉತ್ತರಕ್ಕೆ ಕಾಯಬೇಕು. "ನಾನು ಯಾರು, ಹೇಳು ನೋಡೋಣ" ಎಂದು ಪರೀಕ್ಷಿಸುವುದಕ್ಕಿಂತ "ನಾನು ನಿನ್ನ ಮಗ, ಅಮ್ಮ" ಎಂಬುದು ಲೇಸು. ಹತ್ತನೆಯ ಸಲ ಕೇಳಿದಾಗ ಸಿಟ್ಟು ಬರುವುದು ಸಹಜ. ಆಗ ಸೊಸೆಯೊಬ್ಬಳ ಮೇಲೆಯೇ ಭಾರ ಹೊರಿಸದೆ ಮನೆಯವರೆಲ್ಲರೂ ಸರದಿಯಿಂದ ಸೇವೆಯನ್ನು ಹಂಚಿಕೊಳ್ಳಬೇಕು. ದಣಿದವನ ಬಾಯಲ್ಲಿ ಮೃದುವಚನ ನಿಲ್ಲದು.

ಮಗನ ಹೆಸರನ್ನು ಮರೆತವಳೂ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿದಾಗ ಕಣ್ಣುಮುಚ್ಚಿ ತಲೆಬಾಗಬಹುದು. ದೀರ್ಘ ಅಭ್ಯಾಸವು ತಡವಾಗಿ ಅಳಿಯುವುದು. ಅದೂ ಅಳಿದ ದಿನ ಆಕೆಯ ಪರವಾಗಿ ನೆನೆಯುವ ಹೊಣೆ ಮಕ್ಕಳದು. ಆಕೆ ಮರೆತಳೆಂದು ಅವರೂ ಆಕೆಯನ್ನು ಮರೆಯಲಾಗದು.