ಹತ್ತು ರೂಪಾಯಿಯ ಯಜಮಾನ

ಯಾಗದಲ್ಲಿ ಋತ್ವಿಜರಿಗೆ ಕೊಡುವ ದಕ್ಷಿಣೆ ಪುಣ್ಯ ತರುವ ದಾನವೋ, ಅವರ ಕೆಲಸಕ್ಕೆ ಸಲ್ಲುವ ಕೂಲಿಯೋ ಎಂಬ ಪ್ರಶ್ನೆಯನ್ನು ಪೂರ್ವಮೀಮಾಂಸಕರು ಬಹಳ ಹಿಂದೆಯೇ ಎತ್ತಿ, ಅದು ಪರಿಕ್ರಯಕ್ಕಾಗಿ, ಅಂದರೆ ಒಂದು ಕರ್ಮದ ಮಟ್ಟಿಗೆ ಇನ್ನೊಬ್ಬರ ಸೇವೆಯನ್ನು ಬೆಲೆ ಕೊಟ್ಟು ಪಡೆಯುವುದಕ್ಕಾಗಿ ಇರುವುದೆಂದು ತೀರ್ಮಾನಿಸಿದ್ದರು. ಸರ್ಕಾರಿ ಶುಲ್ಕವನ್ನೂ ಮೇಲುನೋಟಕ್ಕೆ ಪರಿಕ್ರಯವೆನ್ನಬಹುದು. ಆದರೆ ಶುಲ್ಕ ಚಿಕ್ಕದಾದಷ್ಟೂ ಈ ವಿವರಣೆ ಸಡಿಲವಾಗುತ್ತ ಹೋಗುತ್ತದೆ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೋ ಬ್ಯಾಡಗಿಯ ತಹಶೀಲ್ದಾರ್ ಕಚೇರಿಗೋ ಅರ್ಜಿ ಸಲ್ಲಿಸುವವರು ಹತ್ತು ರೂಪಾಯಿ ಶುಲ್ಕ ಕಟ್ಟಬೇಕು. ಅದನ್ನು ಪೋಸ್ಟಲ್ ಆರ್ಡರ್ ಮೂಲಕ ಕಟ್ಟುವ ರೂಢಿ ಇಂದಿಗೂ ಇದೆ. ಅಂಚೆ ಕಚೇರಿಯಲ್ಲಿ ಹತ್ತು ರೂಪಾಯಿಯ ಮೇಲೆ ಒಂದು ರೂಪಾಯಿ ಕಮಿಷನ್ ಕೊಟ್ಟರೆ, ದಿನಾಂಕದ ಮುದ್ರೆ ಒತ್ತಿದ, ಹಣ ಯಾರಿಗೆ ಸಲ್ಲಬೇಕೆಂದು ಬರೆಯಲು ಖಾಲಿ ಗೆರೆಯುಳ್ಳ ಚಿಕ್ಕ ಚೀಟಿಯೊಂದು ಕೈಗೆ ಬರುತ್ತದೆ, ಅದನ್ನು ಅರ್ಜಿಗೆ ಪಿನ್ನು ಹಾಕಿ ಕೊಟ್ಟರೆ ಶುಲ್ಕ ಸಂದಂತೆ. ಈ ಹತ್ತು ರೂಪಾಯಿ ಅಧಿಕಾರಿಯ ಕೂಲಿಯಲ್ಲ, ಏಕೆಂದರೆ ಅವರಿಗೆ ಸಂಬಳವಿದೆ. ನಕಲಿನ ಬೆಲೆಯೂ ಅಲ್ಲ, ಏಕೆಂದರೆ ಅದನ್ನು ಪುಟಕ್ಕಿಷ್ಟೆಂದು ಬೇರೆಯಾಗಿ ವಸೂಲು ಮಾಡಲಾಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗಂತೂ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಹಾಗಾದರೆ ಉಳಿಯುವುದು ಕೇಳುವವನು ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ ಕೇಳುತ್ತಿದ್ದಾನೆ ಎಂಬ ಗುರುತು ಮಾತ್ರ. ಕರ್ಮದ ಆರಂಭದಲ್ಲಿ ಕರ್ತೃ ಇಂಥದ್ದನ್ನು ಮಾಡುತ್ತೇನೆಂದು ನುಡಿಯುವ ಸಂಕಲ್ಪಕ್ಕೆ ಇದು ಹೆಚ್ಚು ಹತ್ತಿರ.

ಈ ಗುರುತಿನ ತೊಡಕು ಪೂರ್ತಿಯಾಗಿ ಕಾಣುವುದು ಕೇಳುವವನು ದೂರದಲ್ಲಿದ್ದಾಗ. ದುಬೈಯಲ್ಲೋ ಸಿಂಗಪುರದಲ್ಲೋ ನೆಲೆಸಿರುವ ರಾಣೆಬೆನ್ನೂರಿನವನಿಗೆ ಹತ್ತು ರೂಪಾಯಿ ಏನೇನೂ ಅಲ್ಲ, ಆದರೂ ಆ ಹತ್ತು ರೂಪಾಯಿಯನ್ನು ಕಚೇರಿ ಒಪ್ಪುವ ರೂಪಕ್ಕೆ ತರುವುದು ಅವನಿಗೆ ಸಾಧ್ಯವಿರಲಿಲ್ಲ. ಊರಿನ ಬಂಧುಗಳಿಗೆ ಹೇಳಿ ಪೋಸ್ಟಲ್ ಆರ್ಡರ್ ಕೊಳ್ಳಿಸಬೇಕಾಗಿತ್ತು. 2013ರ ಮಾರ್ಚ್‌ನಲ್ಲಿ ಅಂಚೆ ಇಲಾಖೆ ವಿದೇಶದಲ್ಲಿರುವ ಭಾರತೀಯ ನಾಗರಿಕರಿಗಾಗಿ ಇ-ಪೋಸ್ಟಲ್ ಆರ್ಡರ್ ತಂದಿತು. ಕಾರ್ಡಿನಿಂದ ಹಣ ಕಟ್ಟಿ, ಪ್ರತ್ಯೇಕ ಸಂಖ್ಯೆಯುಳ್ಳ ಮುದ್ರಿತ ಹಾಳೆಯನ್ನು ಅರ್ಜಿಗೆ ಲಗತ್ತಿಸಿದರಾಯಿತು. ಅದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯಿಸಿದ್ದರಿಂದ, ಹಾವೇರಿ, ರಾಣೆಬೆನ್ನೂರುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ವಿಷಯ ಕೇಳಲು ಒದಗಿದ ಅನುಕೂಲ ತಾಲ್ಲೂಕು ಕಚೇರಿಯ ಕಡತ ಕೇಳಲು ಒದಗಲಿಲ್ಲ.

ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರ, ಅಂದರೆ ವಿಧಿಸಿದ ವಸ್ತು ಸಿಗದಿದ್ದಾಗ ಅದರ ಸ್ಥಾನದಲ್ಲಿ ಮತ್ತೊಂದನ್ನು ಬಳಸುವ ವಿಚಾರ ಬರುತ್ತದೆ. ಭತ್ತ ಇಲ್ಲದಿದ್ದರೆ ಕಾಡುಭತ್ತವಾದ ನೀವಾರ, ಸೋಮಲತೆ ಇಲ್ಲದಿದ್ದರೆ ಪೂತೀಕ ನಡೆಯುತ್ತದೆ. ಆದರೆ ದೇವತೆಗೆ ಪ್ರತಿನಿಧಿಯಿಲ್ಲ, ಮಂತ್ರಕ್ಕಿಲ್ಲ, ಯಾಗದ ಫಲಕ್ಕೆ ಒಡೆಯನಾದ ಯಜಮಾನನಿಗೂ ಇಲ್ಲ. ಮಾಹಿತಿ ಹಕ್ಕಿನ ಶುಲ್ಕದಲ್ಲಿ ನಡೆದಿರುವುದೂ ಇದೇ. ಚೀಟಿಯ ಬದಲು ಮುದ್ರಿತ ಹಾಳೆ ಬಂದರೆ ಅಡ್ಡಿಯಿಲ್ಲ, ಆದರೆ ಕಾಯ್ದೆಯ ಮೂರನೆಯ ಕಲಮು ಹಕ್ಕನ್ನು ನಾಗರಿಕರಿಗೆ ಮಾತ್ರ ಕೊಟ್ಟಿದೆ, ಮತ್ತು 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವವನ್ನು ತಾನಾಗಿ ಪಡೆದವನ ಭಾರತೀಯ ಪೌರತ್ವ ಅಲ್ಲಿಗೆ ಮುಗಿಯುತ್ತದೆ. ಸಾಗರೋತ್ತರ ನಾಗರಿಕನೆಂಬ ಕಾರ್ಡು ಕೈಯಲ್ಲಿದ್ದರೂ ಅವನು ಈ ಕರ್ಮದ ಯಜಮಾನನಲ್ಲ.

ತರ್ಕ ಸರಿಯಾಗಿಯೇ ಇದೆ, ನ್ಯಾಯ ಅಷ್ಟು ಸರಿಯಾಗಿಲ್ಲ. ಚೌಡದಾನಪುರದ ಬಳಿ ತುಂಗಭದ್ರೆಯಲ್ಲಿ ದೋಣಿ ನಡೆಸಿದನೆಂದು ಪ್ರತೀತಿಯಿರುವ ಅಂಬಿಗರ ಚೌಡಯ್ಯನಂಥವನಿಗೆ ಹೊಳೆ ದಾಟುವವನು ಯಾವ ಸೀಮೆಯವನೆಂಬುದು ಮುಖ್ಯವಾಗಿರಲಾರದು. ರಾಣೆಬೆನ್ನೂರು ನಗರಸಭೆಯೂ ಪಿತ್ರಾರ್ಜಿತ ಮನೆಯ ಕರ ಪಡೆಯುವಾಗ ಮಾಲೀಕನ ಪಾಸ್‌ಪೋರ್ಟಿನ ಬಣ್ಣ ನೋಡುವುದಿಲ್ಲ. ಆ ಕರ ಹೇಗೆ ಖರ್ಚಾಯಿತೆಂದು ಹತ್ತು ರೂಪಾಯಿ ಕೊಟ್ಟು ಕೇಳಹೊರಟಾಗ ಮಾತ್ರ ಪೌರತ್ವ ಅಡ್ಡ ಬರುತ್ತದೆ. ಕೊಡುವ ಕರ್ಮಕ್ಕೆ ಅಧಿಕಾರಿ, ಅಂದರೆ ಅರ್ಹ, ಎನಿಸಿದವನು ಕೇಳುವ ಕರ್ಮಕ್ಕೆ ಅನಧಿಕಾರಿಯಾಗುವುದು, ಶಾಸ್ತ್ರದ ದೃಷ್ಟಿಯಿಂದ ನೋಡಿದರೂ, ವಿಚಿತ್ರವೇ.

ವೈದಿಕ ಕರ್ಮವನ್ನು ಒಪ್ಪದ ಶರಣರು ಪ್ರತಿನಿಧಿಯ ವಿಷಯದಲ್ಲಿ ಮಾತ್ರ ಮೀಮಾಂಸಕರಿಂದ ದೂರವಿಲ್ಲ. ಹಗ್ಗ ಹೊಸೆಯುವ ಕಾಯಕದ ಶರಣ ನುಲಿಯ ಚಂದಯ್ಯನ ಪ್ರಸಿದ್ಧ ಕಥೆಯಲ್ಲಿ, ಹುಲ್ಲು ಕೊಯ್ಯುವಾಗ ಜಾರಿಬಿದ್ದು ಬಳಿಕ ಬೆನ್ನುಹತ್ತಿ ಬಂದ ಲಿಂಗದ ಕೈಯಲ್ಲೇ ಅವನು ಹಗ್ಗವನ್ನು ಮಾರಲು ಕಳಿಸುತ್ತಾನೆ, ಹಗ್ಗದ ಯೋಗ್ಯತೆಗೆ ಮೀರಿ ಬಂದ ಹಣವನ್ನು ಒಲ್ಲೆನೆನ್ನುತ್ತಾನೆ. ಮಾರುವ ಕೈ ಬೇರೆಯಾದರೂ ಕಾಯಕ ಅವನದಾಗಿಯೇ ಉಳಿಯಿತು, ಹೆಚ್ಚು ಕೊಟ್ಟದ್ದರಿಂದ ಹೆಚ್ಚು ಫಲವೂ ಹುಟ್ಟಲಿಲ್ಲ. ಹತ್ತರ ಬದಲು ನೂರರ ಪೋಸ್ಟಲ್ ಆರ್ಡರ್ ಲಗತ್ತಿಸಿದ ಅರ್ಜಿದಾರನಿಗೂ ಹಾಗೆಯೇ.

ಕಾಣಿಕೆಯಲ್ಲಾದರೂ ಪೌರತ್ವದ ಈ ಭೇದ ಇಲ್ಲವೆನ್ನುವಂತಿಲ್ಲ. ಮನಿಯಾರ್ಡರ್ ಕಾಲದಲ್ಲಿ ಮುಂಬಯಿಯಿಂದಲೋ ಪುಣೆಯಿಂದಲೋ ಊರ ದೇವಸ್ಥಾನಕ್ಕೆ ಹಣ ಕಳಿಸುವವರು ಫಾರ್ಮಿನ ಸಂದೇಶದ ಜಾಗದಲ್ಲಿ ಹೆಸರು, ಗೋತ್ರ, ಹರಕೆಗಳನ್ನು ಬರೆಯುವುದಿತ್ತು, ಸಂಕಲ್ಪವೂ ಹಣದೊಡನೆ ಅಂಚೆಯಲ್ಲೇ ಬರುತ್ತಿತ್ತು. ಇಂದು ವಿದೇಶದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವನು ತನ್ನ ಉಳಿತಾಯದಿಂದ ಬ್ಯಾಡಗಿಯ ದೇವಸ್ಥಾನ ಟ್ರಸ್ಟಿಗೆ ಕಳಿಸಿದ ಹಣ ಕಾನೂನಿನ ಕಣ್ಣಿಗೆ ಊರಿನ ಹಣವೇ. ಅವನ ಒಡಹುಟ್ಟಿದವನು ಅಮೆರಿಕದ ಪ್ರಜೆಯಾಗಿದ್ದರೆ, ಅದೇ ದೇವರಿಗೆ ಅದೇ ಹರಕೆಯಿಂದ ಕಳಿಸಿದ್ದು ವಿದೇಶಿ ವಂತಿಗೆಯಾಗುತ್ತದೆ. ಟ್ರಸ್ಟು ಅದಕ್ಕಾಗಿ ನೋಂದಣಿ ಪಡೆದಿರಬೇಕು, ಮತ್ತು ವಿದೇಶಿ ವಂತಿಗೆ ಕಾಯ್ದೆಯ 2020ರ ತಿದ್ದುಪಡಿಯ ಬಳಿಕ ಆ ಹಣ ಬ್ಯಾಡಗಿಯನ್ನು ಸೇರುವ ಮುನ್ನ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು.