ಉಪಭೋಗ ಪರಿಮಾಣವೂ ಹಳೆಯ ಅರಿವೆಯ ಹೊಲಿಗೆಯೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವು ನಿತ್ಯಜೀವನಕ್ಕೆ ಅತ್ಯಂತ ಸಮೀಪವಾದುದು. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವ ಅನ್ನಪಾನಾದಿಗಳು ಭೋಗವೆನಿಸುವುವು. ಮತ್ತೆ ಮತ್ತೆ ಅನುಭವಕ್ಕೆ ಬರುವ ವಸ್ತ್ರಾಭರಣಾದಿಗಳು ಉಪಭೋಗವೆನಿಸುವುವು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಭೇದವನ್ನು ನಿರೂಪಿಸುವಾಗ ಅನ್ನವನ್ನೂ ವಸ್ತ್ರವನ್ನೂ ಜೊತೆಯಾಗಿ ಹೆಸರಿಸಿರುವರು. ವಸ್ತ್ರದ ಸ್ವಭಾವವೇ ಪುನಃ ಪುನಃ ಬಳಕೆಗೆ ಬರುವುದು ಎಂಬುದು ಇದರಿಂದ ಸ್ಪಷ್ಟವಾಗುವುದು.

ಇಂದಿನ ಗೃಹಸ್ಥರು ಈ ಭೇದವನ್ನೇ ಅಳಿಸಿಬಿಟ್ಟಿದ್ದಾರೆ. ಒಂದು ಮದುವೆಗೆಂದು ಕೊಂಡ ಸೀರೆ ಮತ್ತೊಂದು ಮದುವೆಗೆ ಸಲ್ಲದು. ಈ ವರುಷದ ಅಂಗಿ ಮುಂದಿನ ವರುಷಕ್ಕೆ ಹಳತು. ಹರಿಯದ, ಮಾಸದ, ಬಣ್ಣಗೆಡದ ವಸ್ತ್ರವು ಎಂಜಲಿನಂತೆ ತ್ಯಾಜ್ಯವಾಗುತ್ತಿದೆ. ಉಪಭೋಗದ ವಸ್ತುವನ್ನು ಭೋಗದ ವಸ್ತುವಿನಂತೆ ಒಮ್ಮೆಗೇ ಮುಗಿಸುವವನಿಗೆ ಪರಿಮಾಣವೆಂಬುದು ಎಲ್ಲಿ ಉಳಿದೀತು? ಒಂದು ಹತ್ತಿಯ ಅಂಗಿಯ ಹಿಂದೆ, ಹತ್ತಿ ಬೆಳೆಯುವುದರಿಂದ ಮೊದಲ್ಗೊಂಡು, ಸುಮಾರು 2,700 ಲೀಟರು ನೀರು ವ್ಯಯವಾಗುವುದೆಂದು ಲೆಕ್ಕ ಹಾಕಲಾಗಿದೆ. ಪೃಥ್ವಿಕಾಯ, ಅಪ್ಕಾಯ ಜೀವಗಳನ್ನು ನಂಬುವ ಜೈನನಿಗೆ ಈ ಸಂಖ್ಯೆಯು ಬರಿಯ ಸಂಖ್ಯೆಯಾಗಿ ಕಾಣಲಾರದು.

ಹೀಗಿರುವಲ್ಲಿ, ಹಳೆಯ ಅರಿವೆಗಳನ್ನು ಕೂಡಿಸಿ ಹೊಲಿಯುವ, ಬಿಚ್ಚಿದ ನೂಲಿನಿಂದ ಮರಳಿ ಹೆಣೆಯುವ ಹವ್ಯಾಸವುಳ್ಳ ಶ್ರಾವಿಕೆಯರ ಕೆಲಸವು ವಿಚಾರಕ್ಕೆ ಯೋಗ್ಯವಾಗಿದೆ. ಉತ್ತರ ಕರ್ನಾಟಕದ ಮನೆಗಳಿಗೆ ಇದು ಹೊಸತಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಒಗೆದು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಣುಕುಗಳನ್ನಿರಿಸಿ, ಅಂಚಿನಿಂದ ಅಂಚಿಗೆ ಸಾಲುಹೊಲಿಗೆ ಹಾಕಿದರೆ ಕೌದಿ ಸಿದ್ಧವಾಗುವುದು. ಪದರಗಳ ನಡುವೆ ನಿಂತ ಗಾಳಿಯೇ ಅದರ ಬೆಚ್ಚಗಿನ ಗುಟ್ಟು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನತ್ತ ಹೊಲಿದು ಬರುವರು. ನಾಲ್ಕು ಮೂಲೆಗಳಿಗೆ ಮಡಿಸಿದ ಅರಿವೆಯ ಹೂಗಳನ್ನಿಡುವರು. ಹಳೆಯ ಸೀರೆಯನ್ನು ಉದ್ದನೆಯ ಪಟ್ಟಿಗಳಾಗಿ ಸೀಳಿ ಜಡೆಯಂತೆ ಹೆಣೆದು ಸುರುಳಿ ಸುತ್ತಿ ಹೊಲಿದರೆ ನೆಲಹಾಸಾಗುವುದು. ಉಣ್ಣೆಯ ಅಂಗಿಯನ್ನು ಬಿಚ್ಚಿ, ನೂಲನ್ನು ಲಡಿಯಾಗಿ ಸುತ್ತಿ, ತೊಯ್ಸಿ, ಭಾರ ಕಟ್ಟಿ ಒಣಗಿಸಿದರೆ ಅದರ ಸುಕ್ಕು ಬಿಡುವುದು. ಆ ನೂಲು ಮತ್ತೆ ಹೆಣಿಗೆಗೆ ಒದಗುವುದು. ಹೆಣೆದ ಬಟ್ಟೆಯನ್ನು ಕತ್ತರಿಸಿ ಅಂಚು ಹೊಲಿದ ಅಂಗಿಯಾದರೆ ಮಾತ್ರ ಬಿಚ್ಚಿದಾಗ ತುಂಡು ನೂಲುಗಳೇ ದೊರೆಯುವುವು. ಆದುದರಿಂದ ಒಳಹೊಲಿಗೆಯನ್ನು ಮೊದಲು ನೋಡತಕ್ಕದ್ದು.

ಈ ಕೌಶಲವು ತನ್ನಷ್ಟಕ್ಕೆ ತಾನು ವ್ರತವಾಗುವುದೇ? ಆಗದು. ಕೈಕೆಲಸವು ವ್ರತಕ್ಕೆ ನೆರವಾಗಬಹುದು, ವ್ರತಭಂಗಕ್ಕೂ ನೆರವಾಗಬಹುದು. ಆದಕಾರಣ ಇಲ್ಲಿ ನಾಲ್ಕು ಶಂಕೆಗಳನ್ನು ಎತ್ತಿ ಸಮಾಧಾನವನ್ನು ನೋಡುವುದು ಉಚಿತ.

ಮೊದಲನೆಯ ಶಂಕೆ: ಹಳೆಯ ವಸ್ತುವನ್ನು ಕೊಂಡರೆ ದೋಷವೇನು? ಅಗ್ಗವೂ ಆಯಿತು, ಉಳಿತಾಯವೂ ಆಯಿತು ಎಂದು ಕೆಲವರ ವಾದ. ಸಮಾಧಾನ: ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು, ಕಳ್ಳನು ತಂದ ವಸ್ತುವನ್ನು ಕೊಳ್ಳುವುದೆಂದು ಅದರ ಅರ್ಥ. ಸಂತೆಯ ಮೂಲೆಯಲ್ಲಿ ಹೊಚ್ಚಹೊಸ ಥಾನು ಕಾಲುಬೆಲೆಗೆ ದೊರೆತರೆ, ಇದು ಎಲ್ಲಿಂದ ಬಂದಿತೆಂದು ಕೇಳುವುದು ಶ್ರಾವಕನ ಕರ್ತವ್ಯ. ಉತ್ತರ ಸಮರ್ಪಕವಾಗಿಲ್ಲದಿದ್ದರೆ ಕೈಬಿಡತಕ್ಕದ್ದು. ದರ್ಜಿಯ ಅಂಗಡಿಯಲ್ಲಿ ಬಿದ್ದ ತುಣುಕುಗಳಿಗೂ ಒಡೆಯರುಂಟು. ಗಿರಾಕಿಯು ಬೇಡವೆಂದ ಮೇಲೆ, ದರ್ಜಿಯು ಕೊಟ್ಟ ಮೇಲೆ ಅವು ದತ್ತವಾಗುವುವು, ಅಲ್ಲಿಯವರೆಗೆ ಅದತ್ತವೇ. ಮಾರುವವರಿಗೂ ಮಾತೊಂದುಂಟು. ಪ್ರತಿರೂಪಕ ವ್ಯವಹಾರವು ಅದೇ ವ್ರತದ ಇನ್ನೊಂದು ಅತಿಚಾರ. ತೇಪೆ ಹಾಕಿದ್ದನ್ನು ಅಖಂಡವೆಂದೂ ಬೆರಕೆ ನೂಲನ್ನು ಶುದ್ಧ ಹತ್ತಿಯೆಂದೂ ಹೇಳಿ ಮಾರಿದರೆ ಹೊಲಿಗೆಯು ಎಷ್ಟು ಅಂದವಾಗಿದ್ದರೂ ವ್ರತವು ಹರಿದಂತೆಯೇ.

ಎರಡನೆಯ ಶಂಕೆ: ರೇಷ್ಮೆಯನ್ನು ತೊರೆದ ಶ್ರಾವಿಕೆಯು ಹಳೆಯ ರೇಷ್ಮೆಯ ತುಣುಕನ್ನು ಹೊಲಿಯಬಹುದೇ? ಹುಳುಗಳು ಸತ್ತು ಎಷ್ಟೋ ವರುಷಗಳಾದುವು, ಈಗ ಬಿಸಾಡಿದರೆ ಅವು ಬದುಕುವುದಿಲ್ಲ ಎಂಬುದು ವಾದ. ಸಮಾಧಾನ: ಹಿಂಸೆಯು ತಾನು ಮಾಡಿದುದರಿಂದ ಮಾತ್ರವೇ ಆಗುವುದೆಂದು ಜಿನಾಗಮವು ಹೇಳದು, ಕೃತ, ಕಾರಿತ, ಅನುಮತಗಳೆಂಬ ಮೂರು ದ್ವಾರಗಳನ್ನು ಅದು ತೋರುವುದು. ಒಂದು ಸೀರೆಗಾಗಿ ಸಾವಿರಾರು ಗೂಡುಗಳನ್ನು ಒಳಗಿನ ಜೀವಸಹಿತ ಬೇಯಿಸುವರು. ಹಳೆಯ ರೇಷ್ಮೆಯನ್ನು ಹಣ ಕೊಟ್ಟು ಹುಡುಕುವವಳು ಕೃತ, ಕಾರಿತಗಳಿಂದ ದೂರವಿದ್ದರೂ, ಅದರ ಹೊಳಪನ್ನು ಮೆಚ್ಚಿ ಮೆರೆಸುವಾಗ ಅನುಮತದ ಬಾಗಿಲನ್ನು ತೆರೆದಂತಾಗುವುದು. ನೋಡಿದವರು ಅದನ್ನೇ ಹೊಸದಾಗಿ ಕೊಳ್ಳಲು ಹೊರಡುವುದೂ ಉಂಟು. ಆದುದರಿಂದ ರೇಷ್ಮೆಯ ತ್ಯಾಗವನ್ನು ಸ್ವೀಕರಿಸಿದವಳು ಹಳತು, ಹೊಸತು ಎಂಬ ವಿಕಲ್ಪವಿಲ್ಲದೆ ಬಿಡುವುದೇ ನಿರ್ಮಲವಾದ ಮಾರ್ಗ. ತ್ಯಾಗವಿಲ್ಲದವಳು ತಾಯಿಯ ಹಳೆಯ ಸೀರೆಯನ್ನು ಎಸೆಯದೆ ಹೊಲಿದು ಬಳಸಿದರೆ ಹೊಸ ರೇಷ್ಮೆಯ ಬೇಡಿಕೆಯನ್ನಾದರೂ ತಡೆದಂತಾಗುವುದು. ಆ ಅರಿವೇ ಮುಂದೆ ಪೂರ್ಣತ್ಯಾಗಕ್ಕೆ ಮೆಟ್ಟಿಲಾಗಲಿ. ತುಣುಕು ಯಾವುದರದೆಂದು ತಿಳಿಯದಿದ್ದಾಗ ಒಂದು ಎಳೆಯನ್ನು ಜಾಗರೂಕತೆಯಿಂದ ಸುಟ್ಟು ನೋಡಬಹುದು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುವುದು. ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟ ನಾತವನ್ನು ಬೀರುವುವು. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುವುದು.

ಮೂರನೆಯ ಶಂಕೆ: ಹಳೆಯ ಅರಿವೆಯಲ್ಲಿ ಜೀವೋತ್ಪತ್ತಿಯಾಗಿದ್ದರೆ? ಸಮಾಧಾನ: ಬೆವರು, ಆಹಾರದ ಕಲೆಗಳುಳ್ಳ ಬಟ್ಟೆಯನ್ನು ತೊಳೆಯದೆ ಕತ್ತಲೆಯಲ್ಲಿ ಮಡಿಸಿಟ್ಟರೆ ನುಸಿಯು ಅಲ್ಲಿ ಮೊಟ್ಟೆಯಿಡುವುದು, ಉಣ್ಣೆ, ರೇಷ್ಮೆಗಳಲ್ಲಿ ವಿಶೇಷವಾಗಿ. ತಂದೊಡನೆ ಕುದಿಯುವ ನೀರಿಗೆ ಹಾಕುವುದು ಪ್ರಮಾದ. ಬೆಳಕಿನಲ್ಲಿ ಮಡಿಕೆ ಮಡಿಕೆಯಾಗಿ ಬಿಡಿಸಿ ನೋಡಿ, ಮೃದುವಾದ ಬಟ್ಟೆಯಿಂದ ಒರಸಿ, ಕಂಡ ಜೀವವನ್ನು ನೆರಳಿನ ಕ್ಷೇಮವಾದ ತಾಣಕ್ಕೆ ಬಿಟ್ಟು, ಆಮೇಲೆ ಸೋಸಿದ ನೀರಿನಲ್ಲಿ ಒಗೆಯತಕ್ಕದ್ದು. ಶುಚಿಯಾಗಿ ಇಟ್ಟಲ್ಲಿ ಜೀವವು ಹುಟ್ಟುವುದಿಲ್ಲ; ಹುಟ್ಟಿದ ಮೇಲೆ ನುಸಿಗುಳಿಗೆಯಿಂದ ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ಇಲ್ಲಿಯೇ ಇನ್ನೊಂದು ಎಚ್ಚರವುಂಟು. ಸವೆದ ಪಂಚೆಯ ತುಂಡನ್ನು ನೀರು ಸೋಸುವ ಬಟ್ಟೆಯನ್ನಾಗಿ ಮಾಡಿಕೊಳ್ಳುವುದು ಮಿತವ್ಯಯವೆಂದು ತೋರಬಹುದು. ಆದರೆ ಸವೆದ ಅರಿವೆಯ ಎಳೆಗಳು ಬಿಡಿಬಿಡಿಯಾಗಿರುವುವು. ಸೂಕ್ಷ್ಮ ತ್ರಸಜೀವಗಳು ಅದರ ಮೂಲಕ ನುಸುಳಿಹೋಗುವುವು. ಅದಕ್ಕೆ ದಟ್ಟನೇಯ್ಗೆಯ ಬಟ್ಟೆಯೇ ಬೇಕು, ಅದೂ ಎರಡು ಮಡಿಕೆಯಾಗಿ. ಮಿತವ್ಯಯವು ಅಹಿಂಸೆಯ ದಾಸಿಯಾಗಿರಬೇಕು, ಒಡತಿಯಾಗಬಾರದು.

ನಾಲ್ಕನೆಯ ಶಂಕೆಯೇ ಎಲ್ಲಕ್ಕಿಂತ ಗಹನವಾದುದು: ಬಿಸಾಡಿದ ಅರಿವೆಯನ್ನು ಕೂಡಿಡುವುದು ಪರಿಗ್ರಹವೇ? ಬೆಲೆಯೇ ಇಲ್ಲದ ಚಿಂದಿಯು ಯಾರಿಗೆ ಬಂಧನವಾದೀತು? ಸಮಾಧಾನ: ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದರು, ವಸ್ತುವಿನ ಬೆಲೆಯನ್ನು ಅದಕ್ಕೆ ಅಳತೆಗೋಲಾಗಿಸಲಿಲ್ಲ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಎಣಿಸುವಾಗ ಹೊಲ, ಮನೆ, ಚಿನ್ನಗಳೊಡನೆ ಕುಪ್ಯವನ್ನೂ ಸೇರಿಸಿರುವರು. ಕುಪ್ಯವೆಂದರೆ ನಾರುಬಟ್ಟೆ, ಹತ್ತಿ, ರೇಷ್ಮೆ ಮೊದಲಾದುವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವರು. ಅಂದಮೇಲೆ ಅರಿವೆಯ ಗಂಟಿಗೂ ಲೆಕ್ಕವಿರಲೇಬೇಕು.

ಹೊಲಿಗೆಯ ಹವ್ಯಾಸವುಳ್ಳ ಒಬ್ಬ ಗೃಹಿಣಿಯನ್ನು ಭಾವಿಸೋಣ. ಆಕೆಯು ಹೊಸ ಸೀರೆ ಕೊಳ್ಳುವುದನ್ನು ಬಿಟ್ಟಿರುವಳು. ನೆರೆಹೊರೆಯವರ ಹಳೆಯ ಲಂಗ, ಪಂಚೆ, ಬಟ್ಟೆಯ ಅಂಗಡಿಯ ತುಣುಕು, ಬಿಚ್ಚಬಹುದಾದ ಸ್ವೆಟರು, ಗುಂಡಿ, ಲೇಸು ಎಲ್ಲವೂ ಆಕೆಯ ಮನೆಗೆ ಬರುವುವು. ವರುಷಕ್ಕೆ ಎರಡು ಕೌದಿಗಳನ್ನು ಹೊಲಿಯುವಳು; ಬಂದು ಬೀಳುವ ಅರಿವೆಯೋ ಇಪ್ಪತ್ತು ಕೌದಿಗಳಿಗೆ ಸಾಲುವಷ್ಟು. ಮೊದಲು ಒಂದು ಟ್ರಂಕು, ಅನಂತರ ಮೂರು, ಆಮೇಲೆ ಅಟ್ಟ. ಸೊಸೆಯು ಒಂದು ತುಣುಕನ್ನು ಒರಸುವ ಬಟ್ಟೆಯಾಗಿ ತೆಗೆದರೆ ಅತ್ತೆಯ ಮನಸ್ಸು ಕದಡುವುದು. ಚಳಿಯಲ್ಲಿ ನಡುಗುವ ಕೆಲಸದಾಕೆಯ ಮಗುವಿಗೆ ಒಂದು ಹೊದಿಕೆಯನ್ನು ಕೊಡೆಂದರೆ, ಆ ಬಣ್ಣವು ಇನ್ನೊಂದಕ್ಕೆ ಬೇಕಾಗಿದೆ ಎನ್ನುವಳು. ಚಿನ್ನವನ್ನು ಬಿಟ್ಟವಳನ್ನು ಚಿಂದಿಯು ಹಿಡಿಯಿತು. ಹೊರಗಿನಿಂದ ನೋಡಿದವರು ಆಕೆಯನ್ನು ಅಪರಿಗ್ರಹಿಯೆಂದು ಹೊಗಳುವರು. ಆ ಹೊಗಳಿಕೆಯು ಮೂರ್ಛೆಯ ಮೇಲೆ ಹೊದಿಸಿದ ಮತ್ತೊಂದು ಕೌದಿ.

ಮದ್ದು ಆಗಮದಲ್ಲಿಯೇ ಉಂಟು. ಜೀವಾವಧಿಯ ತ್ಯಾಗವು ಯಮ. ಕಾಲಮಿತಿಯುಳ್ಳ ತ್ಯಾಗವು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ, ಹೀಗೆ ಶಕ್ತ್ಯನುಸಾರವಾಗಿ ಕಾಲವನ್ನು ಗೊತ್ತುಮಾಡಿಕೊಂಡು ವಸ್ತ್ರಾದಿಗಳನ್ನು ಮಿತಗೊಳಿಸಬೇಕೆಂದು ಸಮಂತಭದ್ರರ ಉಪದೇಶ. ಹೊಲಿಗೆಯ ಹವ್ಯಾಸವುಳ್ಳವರು ಮುಂಬರುವ ಚಾತುರ್ಮಾಸಕ್ಕೆ ಇಂತಹ ನಿಯಮವನ್ನು ಸ್ವೀಕರಿಸಬಹುದು: ಇಷ್ಟು ಜೊತೆ ಉಡುಪುಗಳಿಗಿಂತ ಹೆಚ್ಚಿಲ್ಲ, ಅರಿವೆಯ ಸಂಗ್ರಹಕ್ಕೆ ಒಂದೇ ಪೆಟ್ಟಿಗೆ, ಅದು ತುಂಬಿದರೆ, ಒಳಗಿನದು ಹೊಲಿಗೆಯಾಗಿ ಹೊರಬರುವ ತನಕ ಹಳೆಯದಾದರೂ ಬಿಟ್ಟಿಯಾದರೂ ಹೊಸ ತುಣುಕು ಒಳಗೆ ಬಾರದು, ಹೊಲಿದ ಎರಡರಲ್ಲಿ ಒಂದು ದಾನಕ್ಕೆ ಸಲ್ಲುವುದು. ಕೊಡುವಾಗ ಹೊಲಿಗೆ ಬಿಟ್ಟುದನ್ನಲ್ಲ, ತಾನು ಮೆಚ್ಚಿದುದನ್ನು ಕೊಡಬೇಕು. ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗದ ಮರುದಿನವೇ ಉತ್ತಮ ಆಕಿಂಚನ್ಯವು ಬರುವ ಕ್ರಮವನ್ನು ಮನನ ಮಾಡಬೇಕು: ಕೈಯಿಂದ ಬಿಟ್ಟುದು ಮನಸ್ಸಿನಿಂದಲೂ ಬಿಡಬೇಕು.

ಉಪವಾಸದ ದಿನಗಳಲ್ಲಿ ಈ ಕೆಲಸದ ಸ್ಥಾನವೇನೆಂದು ಕೇಳುವವರಿದ್ದಾರೆ. ಪ್ರೋಷಧೋಪವಾಸದಂದು ಆರಂಭವನ್ನು ತೊರೆಯುವುದೇ ವಿಧಿಯಾದುದರಿಂದ ಸೂಜಿ, ಕತ್ತರಿಗಳಿಗೂ ಅಂದು ಉಪವಾಸ. ಅರ್ಧ ಹೊಲಿದ ಕೌದಿಯು ಕಣ್ಣಮುಂದೆ ಬಿದ್ದಿರಲು, ಅದನ್ನು ಮುಟ್ಟದೆ ಸಾಮಾಯಿಕಕ್ಕೆ ಕುಳಿತವಳಿಗೆ ತನ್ನ ಮೂರ್ಛೆಯ ಪ್ರಮಾಣವು ತಾನಾಗಿಯೇ ತಿಳಿದುಬರುವುದು.

ಶ್ರಾವಕನ ಹನ್ನೊಂದು ಪ್ರತಿಮೆಗಳನ್ನು ಏರುವವನ ವಸ್ತ್ರವನ್ನು ಗಮನಿಸಿದರೆ ಮಾರ್ಗದ ದಿಕ್ಕು ತಿಳಿಯುವುದು. ಗೃಹಸ್ಥನಿಗೆ ಮಿತಿಯುಳ್ಳ ಉಡುಪು. ಕ್ಷುಲ್ಲಕನಿಗೆ ಕೌಪೀನದೊಡನೆ ಒಂದು ಖಂಡವಸ್ತ್ರ, ತಲೆಗೆಳೆದರೆ ಕಾಲಿಗೆ ಸಾಲದ ತುಂಡು. ಐಲಕನಿಗೆ ಕೌಪೀನ ಮಾತ್ರ. ಆರ್ಯಿಕೆಗೆ ಒಂದು ಬಿಳಿಯ ಸೀರೆ. ದಿಗಂಬರ ಮುನಿಗೆ ದಿಕ್ಕುಗಳೇ ಅಂಬರ. ಹಳೆಯ ತುಣುಕನ್ನು ಜೋಡಿಸುವ ಗೃಹಸ್ಥೆಯು ಈ ಸೋಪಾನದ ಕೆಳಗಿನ ಮೆಟ್ಟಿಲಲ್ಲಿ ನಿಂತಿರುವಳು. ತುಣುಕಿನಿಂದ ತೃಪ್ತಿಯನ್ನು ಕಲಿತರೆ ಆಕೆಯ ಮುಖವು ಮೇಲಕ್ಕಿರುವುದು. ತುಣುಕಿನ ರಾಶಿಯನ್ನು ಕಾಯತೊಡಗಿದರೆ ಕೆಳಕ್ಕೆ. ಒಂದೊಂದು ತುಣುಕನ್ನು ಪೆಟ್ಟಿಗೆಗೆ ಹಾಕುವ ಮುನ್ನ, ಇದು ಯಾರ ಮೈಯನ್ನು ಬೆಚ್ಚಗಿಡಲಿಕ್ಕೆ ಎಂದು ಕೇಳಿಕೊಳ್ಳುವ ಅಭ್ಯಾಸವಾದರೆ ಸಾಕು, ಪರಿಮಾಣವು ಮನೆಯಲ್ಲಿ ನೆಲೆಸುವುದು.